ಹಾರ್ಮೋನ್ ಚೀಟಿಗೆ ಮೊದಲು ಡಾಕ್ಟರು ಏನು ಕೇಳಬೇಕು?

ನನ್ನ ಅಕ್ಕನಿಗೆ 49 ವರ್ಷ. ತುಮಕೂರಿನಲ್ಲಿ ಹೈಸ್ಕೂಲಿನ ಲೆಕ್ಕದ ಟೀಚರ್. ಎರಡು ವರ್ಷ ಏರುಪೇರಾಗಿದ್ದ ಮುಟ್ಟು ಹೋದ ವರ್ಷ ಯುಗಾದಿ ಹೊತ್ತಿಗೆ ನಿಂತೇ ಹೋಯಿತು. ಅದರ ಬೆನ್ನಿಗೇ ಬಿಸಿ ಶುರುವಾಯಿತು. ಎದೆಯಿಂದ ಹೊರಟು ಕುತ್ತಿಗೆ, ಕೆನ್ನೆ, ನೆತ್ತಿಗೆ ಏರುವ ಬಿಸಿ, ಹಿಂದೆಯೇ ಬೆವರು, ಬೆವರು ಆರುವಷ್ಟರಲ್ಲಿ ಮೈನಡುಕ. ರಾತ್ರಿಗೆ ಎರಡು ಸಲ ನೈಟಿ ಬದಲಾಯಿಸಬೇಕು. ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದವಳು ಸೀಮೆಸುಣ್ಣ ಇಟ್ಟು ಸೆರಗಿನಲ್ಲಿ ಮುಖ ಒರೆಸಿಕೊಂಡರೆ ಮುಂದಿನ ಬೆಂಚಿನ ಹುಡುಗಿಯರು ಫ್ಯಾನ್ ಜೋರು ಮಾಡಲು ಏಳುತ್ತಿದ್ದರಂತೆ.

ಮೊದಲು ತೋರಿಸಿದ ಡಾಕ್ಟರು, "ಹಾರ್ಮೋನಾ? ಅದರ ಸಹವಾಸವೇ ಬೇಡಮ್ಮ, ಕ್ಯಾನ್ಸರ್ ಬರುತ್ತೆ. ಈ ವಯಸ್ಸಲ್ಲಿ ಇದೆಲ್ಲ ಇದ್ದದ್ದೇ" ಎಂದು ಕ್ಯಾಲ್ಸಿಯಂ ಮಾತ್ರೆ ಬರೆದು ಕಳಿಸಿದರು. ಎರಡನೆಯದು ಬೆಂಗಳೂರಿನ ಒಂದು ಕ್ಲಿನಿಕ್. ಅಲ್ಲಿ ನಾಲ್ಕೇ ನಿಮಿಷಕ್ಕೆ ಈಸ್ಟ್ರೋಜನ್ ಮಾತ್ರೆಯ ಚೀಟಿ ಕೈಗೆ ಬಂತು. ಚೀಟಿಯಲ್ಲಿ ಇದ್ದದ್ದು ಅದೊಂದೇ ಔಷಧ. ಅಕ್ಕನಿಗೆ ಗರ್ಭಕೋಶ ಇದೆಯೋ, ತೆಗೆಸಿದೆಯೋ ಎಂದು ಯಾರೂ ಕೇಳಲಿಲ್ಲ. ಇದೆ. ಗರ್ಭಕೋಶ ಇದ್ದವರಿಗೆ ಬರೀ ಈಸ್ಟ್ರೋಜನ್ ಕೊಡಬಾರದು ಎನ್ನುವುದು ವೈದ್ಯಲೋಕ ಐವತ್ತು ವರ್ಷದ ಹಿಂದೆಯೇ ಕಲಿತ ಪಾಠ.

ಒಬ್ಬರು ಹೆದರಿಸಿದರು, ಇನ್ನೊಬ್ಬರು ಧಾರಾಳವಾಗಿ ಬರೆದರು. ನೋಡಲು ಒಂದಕ್ಕೊಂದು ವಿರುದ್ಧ. ಆದರೆ ಇಬ್ಬರ ತಪ್ಪೂ ಒಂದೇ: ಎದುರಿಗೆ ಕೂತ ಹೆಂಗಸಿನ ಬಗ್ಗೆ ಏನನ್ನೂ ಕೇಳಲಿಲ್ಲ. ಮದುವೆ ಅಡುಗೆ ಒಪ್ಪಿಸಲು ಹೋದಾಗ ಕೆಲಸ ಬಲ್ಲ ಭಟ್ಟರು ಮೊದಲು ಕೇಳುವುದು "ಎಷ್ಟು ಎಲೆ?" ಎಂದು. ಕೇಳದೆಯೇ ಸಾಮಾನಿನ ಪಟ್ಟಿ ಬರೆದುಕೊಟ್ಟರೆ ನಮಗೇ ಅನುಮಾನ ಬರುತ್ತದೆ. ನಾವು ವೈದ್ಯಕೀಯ ಓದಿದವರಲ್ಲ, ಡಾಕ್ಟರ ವಿದ್ಯೆಯನ್ನು ಅಳೆಯಲಾರೆವು, ನಿಜ. ಆದರೆ ಅವರು ಕೇಳುವ ಪ್ರಶ್ನೆಗಳನ್ನು ಖಂಡಿತ ಅಳೆಯಬಹುದು. ಅದಕ್ಕೆ ಬೇಕಾದಷ್ಟು ತಿಳಿವಳಿಕೆ ಈ ಲೇಖನದಲ್ಲಿದೆ. ಮುಟ್ಟು ನಿಲ್ಲುವ ಕಾಲದಲ್ಲಿ ಹಾರ್ಮೋನ್ ಬೇಕೆ, ಬೇಡವೆ ಎಂಬ ತೀರ್ಮಾನ ಮಾತ್ರ ನಿಮ್ಮ ಮತ್ತು ನಿಮ್ಮ ಡಾಕ್ಟರ ನಡುವಿನದು.

ಈ ಗೊಂದಲ ಎಲ್ಲಿಂದ ಬಂತು?

ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಪ್ರೆಮರಿನ್ ಎಂಬ ಈಸ್ಟ್ರೋಜನ್ ಮಾತ್ರೆ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1942ರಲ್ಲಿ. 1960ರ ದಶಕದಲ್ಲಿ ಅದನ್ನು ಯೌವನ ಉಳಿಸುವ ಮಾತ್ರೆಯೆಂದೇ ಹೊಗಳಿದರು. 1975ರಲ್ಲಿ, ಬರೀ ಈಸ್ಟ್ರೋಜನ್ ನುಂಗಿದವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚು ಎಂದು ಗೊತ್ತಾಯಿತು. ಅದರ ನಂತರ ಪ್ರೊಜೆಸ್ಟರಾನ್ ಜಾತಿಯ ಔಷಧವನ್ನು ಜೊತೆಗೆ ಕೊಡುವ ಪದ್ಧತಿ ಬಂತು.

2002ರ ಜುಲೈಯಲ್ಲಿ ಇನ್ನೊಂದು ಸುದ್ದಿ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಅಧ್ಯಯನದಲ್ಲಿ 16,608 ಹೆಂಗಸರ ಮೇಲೆ ಎರಡೂ ಹಾರ್ಮೋನ್ ಸೇರಿದ ಮಾತ್ರೆಯ ಪರೀಕ್ಷೆ ನಡೆದಿತ್ತು. ಸ್ತನ ಕ್ಯಾನ್ಸರ್, ಹೃದಯಾಘಾತ, ಲಕ್ವ ಹೆಚ್ಚುತ್ತಿವೆ ಎಂದು ಅದನ್ನು ಅವಧಿಗೆ ಮುಂಚೆ, ಸುಮಾರು 5.2 ವರ್ಷಕ್ಕೇ ನಿಲ್ಲಿಸಿದರು. ಪ್ರಪಂಚದಾದ್ಯಂತ ಹೆಂಗಸರು ಮಾತ್ರೆ ಬಿಸಾಡಿದರು, ಡಾಕ್ಟರುಗಳು ಬರೆಯುವುದನ್ನೇ ಬಿಟ್ಟರು. ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63 ಎಂಬುದು ಗದ್ದಲದಲ್ಲಿ ಕೇಳಿಸಲಿಲ್ಲ. ಬಿಸಿ, ಬೆವರೆಂದು ಆಸ್ಪತ್ರೆಗೆ ಬರುವವರು 45ರಿಂದ 55ರೊಳಗಿನವರು. ಮುಂದೆ ವಯಸ್ಸಿನ ಪ್ರಕಾರ ಬಿಡಿಸಿ ನೋಡಿದಾಗ, ಮುಟ್ಟು ನಿಂತ 10 ವರ್ಷದೊಳಗೆ ಅಥವಾ 60ಕ್ಕೆ ಮೊದಲು ಶುರುಮಾಡಿದವರ ಲೆಕ್ಕವೇ ಬೇರೆ ಎಂದು ತಿಳಿಯಿತು. 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಈ ಔಷಧಗಳ ಮೇಲಿದ್ದ ಹೃದಯ ಮತ್ತು ಸ್ತನ ಕ್ಯಾನ್ಸರ್ ಕುರಿತ ಚೌಕಟ್ಟಿನ ಎಚ್ಚರಿಕೆಯನ್ನು ತೆಗೆಸುವುದಾಗಿ ಪ್ರಕಟಿಸಿತು. ಬರೀ ಈಸ್ಟ್ರೋಜನ್‌ನಿಂದ ಗರ್ಭಕೋಶಕ್ಕಿರುವ ಅಪಾಯದ ಎಚ್ಚರಿಕೆಯನ್ನು ಮಾತ್ರ ಉಳಿಸಿಕೊಂಡಿತು.

ಹೆದರಿಸಿದ ಡಾಕ್ಟರು 2002ರಲ್ಲೇ ನಿಂತಿದ್ದಾರೆ. ಕೇಳದೆ ಬರೆದವರು 1975ಕ್ಕೂ ಹಿಂದೆ ಉಳಿದಿದ್ದಾರೆ.

ಔಷಧ ಕೆಲಸ ಮಾಡುವ ಬಗೆ: ಮೂರು ಸೂತ್ರ

ಮೈಶಾಖವನ್ನು ಕಾಯುವ ಜಾಗವೊಂದು ಮಿದುಳಿನಲ್ಲಿದೆ. ಈಸ್ಟ್ರೋಜನ್ ಇಳಿದಾಗ ಅದು ಅತಿ ಸೂಕ್ಷ್ಮವಾಗುತ್ತದೆ. ಚೂರು ಶಾಖ ಏರಿದರೂ ಸಾಕು, ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಬೆವರು ಸುರಿಸಿ ಮೈಯನ್ನು ತಣಿಸಲು ಹೊರಡುತ್ತದೆ. ನಮಗೆ ಬಿಸಿ ಏರಿದಂತೆ ಆಗುವುದು ಇದರಿಂದ. ಮೂಳೆ ಸವೆತ, ಯೋನಿಯ ಒಣಗುವಿಕೆ, ಪದೇಪದೇ ಉರಿಮೂತ್ರ ಇವಕ್ಕೂ ಈಸ್ಟ್ರೋಜನ್ ಕೊರತೆಯೇ ಕಾರಣವಾಗಬಹುದು. ಕೊರತೆಯನ್ನು ಸ್ವಲ್ಪ ತುಂಬಿಕೊಟ್ಟರೆ ಮಿದುಳು ಶಾಂತವಾಗುತ್ತದೆ. ಬಿಸಿ, ಬೆವರಿಗೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಔಷಧ ಇನ್ನೂ ಬಂದಿಲ್ಲ. ಆದರೆ ಮೂರು ಸೂತ್ರ ನೆನಪಿಡಿ.

1. ಗರ್ಭಕೋಶ ಇದ್ದರೆ ಔಷಧ ಎರಡು. ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ, ಪ್ರೊಜೆಸ್ಟರಾನ್ ಅದನ್ನು ತಡೆದು ಹಿಡಿಯುತ್ತದೆ. ಗರ್ಭಕೋಶ ತೆಗೆಸಿದವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು.

2. ದಾರಿ ಯಾವುದು ಎನ್ನುವುದೂ ಮುಖ್ಯ. ನುಂಗಿದ ಮಾತ್ರೆ ಹೊಟ್ಟೆಯಿಂದ ನೇರ ಲಿವರ್‌ಗೆ ಹೋಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ತಯಾರಿಸುವುದು ಲಿವರ್. ಅಷ್ಟು ಈಸ್ಟ್ರೋಜನ್ ಒಮ್ಮೆಗೇ ಬಂದಾಗ ಅದು ಆ ಅಂಶಗಳನ್ನು ಹೆಚ್ಚು ತಯಾರಿಸುತ್ತದೆ. ಚರ್ಮಕ್ಕೆ ಹಚ್ಚುವ ಜೆಲ್, ಅಂಟಿಸುವ ಪ್ಯಾಚ್ ಈ ದಾರಿ ತಪ್ಪಿಸಿ ರಕ್ತಕ್ಕೆ ಸೇರುವುದರಿಂದ ಹೆಪ್ಪಿನ ಅಪಾಯ ಅಷ್ಟಾಗಿ ಏರುವುದಿಲ್ಲ. ಯೋನಿಗೆ ಹಚ್ಚುವ ಕಡಿಮೆ ಪ್ರಮಾಣದ ಕ್ರೀಮು ಹೆಚ್ಚಾಗಿ ಅಲ್ಲಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ಅತ್ಯಲ್ಪ.

3. ಹೊತ್ತು ನೋಡಿ ಶುರುಮಾಡಬೇಕು. ಮುಟ್ಟು ನಿಂತ ಹೊಸದರಲ್ಲಿ ಶುರುಮಾಡುವುದಕ್ಕೂ, ರಕ್ತನಾಳಗಳಲ್ಲಿ ಕೊಬ್ಬು ಕಟ್ಟಿಕೊಂಡ ಮೇಲೆ 65ರಲ್ಲಿ ಮೊದಲ ಸಲ ಶುರುಮಾಡುವುದಕ್ಕೂ ತುಂಬಾ ವ್ಯತ್ಯಾಸವಿದೆ.

ಅಪಾಯವನ್ನು ಎಣಿಸುವುದು ಹೇಗೆ?

"ಸ್ತನ ಕ್ಯಾನ್ಸರ್ ಶೇಕಡಾ 26 ಹೆಚ್ಚು." 2002ರಲ್ಲಿ ಎಲ್ಲರ ಎದೆ ಒಡೆದ ವಾಕ್ಯ ಇದು. ಅಕ್ಕ ಇದನ್ನು ಕೇಳಿ ಮೊದಲು ಹೇಳಿದ್ದು ಟೀಚರ್ ಮಾತೇ: "ಯಾವುದರ ಮೇಲೆ ಶೇಕಡಾ 26? ಎರಡು ರೂಪಾಯಿ ನಾಲ್ಕಾದರೂ ಶೇಕಡಾ ನೂರು, ಎರಡು ಲಕ್ಷ ನಾಲ್ಕು ಲಕ್ಷವಾದರೂ ಶೇಕಡಾ ನೂರೇ." ಆಮೇಲೆ ಮಾರ್ಕ್ಸ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಅದೇ ಅಧ್ಯಯನದ ಅಂಕಿಗಳನ್ನು ಬರೆದಿಟ್ಟಳು. 10,000 ಹೆಂಗಸರು, ಒಂದು ವರ್ಷ:

- ಸ್ತನ ಕ್ಯಾನ್ಸರ್: ಮಾತ್ರೆ ಇಲ್ಲದೆ 30, ಮಾತ್ರೆಯೊಂದಿಗೆ 38
- ಹೃದಯದ ತೊಂದರೆ: 30 ಇದ್ದದ್ದು 37
- ಲಕ್ವ: 21 ಇದ್ದದ್ದು 29
- ಶ್ವಾಸಕೋಶಕ್ಕೆ ಹೆಪ್ಪು: 8 ಇದ್ದದ್ದು 16
- ದೊಡ್ಡ ಕರುಳಿನ ಕ್ಯಾನ್ಸರ್: 16 ಇದ್ದದ್ದು 10
- ಸೊಂಟದ ಮೂಳೆ ಮುರಿತ: 15 ಇದ್ದದ್ದು 10

ಮೂವತ್ತು ಮೂವತ್ತೆಂಟಾದರೆ ಶೇಕಡಾ 26ರ ಹತ್ತಿರ, ಸುಳ್ಳಲ್ಲ. ಹತ್ತು ಸಾವಿರ ಜನರಲ್ಲಿ ಎಂಟು ಜನ ಹೆಚ್ಚು ಎನ್ನುವುದೂ ಸುಳ್ಳಲ್ಲ. ಮೊದಲನೆಯದು ಹೆದರಿಸುತ್ತದೆ, ಎರಡನೆಯದು ತೂಗಿ ನೋಡಲು ಬರುತ್ತದೆ. ಆದ್ದರಿಂದ ಅಪಾಯದ ಮಾತು ಬಂದಾಗಲೆಲ್ಲ ನಾಲ್ಕು ಪ್ರಶ್ನೆ ಕೇಳಿ: ಎಷ್ಟು ಜನರಲ್ಲಿ ಎಷ್ಟು? ಎಷ್ಟು ವರ್ಷಕ್ಕೆ? ಔಷಧ ತೆಗೆದುಕೊಳ್ಳದವರಲ್ಲಿ ಎಷ್ಟು? ಆ ಜನ ನನ್ನಂಥವರೇ?

ನಾಲ್ಕನೆಯ ಪ್ರಶ್ನೆಯಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಈ ಅಂಕಿಗಳು ಒಂದು ಬಗೆಯ ಮಾತ್ರೆಗೆ, ಸರಾಸರಿ 63 ವರ್ಷದ ಅಮೆರಿಕದ ಹೆಂಗಸರಿಗೆ ಸಂಬಂಧಿಸಿದವು. ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ, ಗರ್ಭಕೋಶ ತೆಗೆಸಿಕೊಂಡು ಬರೀ ಈಸ್ಟ್ರೋಜನ್ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ, ಲಕ್ವ ಹೆಚ್ಚಿತು. ನಮ್ಮ ಹೆಂಗಸರಲ್ಲಿ ಸ್ತನ ಕ್ಯಾನ್ಸರಿನ ಮೂಲ ಪ್ರಮಾಣ ಅಮೆರಿಕದವರಿಗಿಂತ ಕಡಿಮೆ. ಹಾಗೆಂದು ನಿರ್ಲಕ್ಷಿಸುವ ಹಾಗಿಲ್ಲ, ಬೆಂಗಳೂರಿನ ಹೆಂಗಸರಲ್ಲಿ ಕಾಣುವ ಕ್ಯಾನ್ಸರುಗಳಲ್ಲಿ ಈಗ ಅದೇ ಮೊದಲು. ಇನ್ನೊಂದು ಕಡೆ, ಶುಗರ್, ಬಿಪಿ, ಹೃದಯದ ಕಾಯಿಲೆ ನಮಗೆ ಬೇಗ ಬರುತ್ತವೆ. ಮುಟ್ಟೂ ಬೇಗ ನಿಲ್ಲುತ್ತದೆ: ಪಶ್ಚಿಮದಲ್ಲಿ ಸರಾಸರಿ 51ಕ್ಕೆ, ನಮ್ಮಲ್ಲಿ 46-47ಕ್ಕೆ. ಅಂದರೆ ನಮ್ಮ ಮೂಳೆಗಳು ಈಸ್ಟ್ರೋಜನ್ ಇಲ್ಲದೆ ಕಳೆಯುವ ವರ್ಷಗಳು ಹೆಚ್ಚು. ಹೊರದೇಶದ ಅಂಕಿಯನ್ನು ಹಾಗೆಯೇ ನುಂಗುವ ಡಾಕ್ಟರಿಗೂ, "ಅದು ಅವರ ದೇಶದ್ದು" ಎಂದು ತಳ್ಳಿಹಾಕುವ ಡಾಕ್ಟರಿಗೂ ಈ ಲೆಕ್ಕ ದಕ್ಕಿಲ್ಲ.

ನಿಮ್ಮದೇ ಒಂದು ಪುಟ ಬರೆದಿಡಿ

ಒಪಿಡಿಯಲ್ಲಿ ಸಿಗುವುದು ಐದು ನಿಮಿಷ. ನೆನಪು ಮಾಡಿಕೊಳ್ಳುತ್ತ ಕೂತರೆ ಅದರಲ್ಲೇ ಹೊತ್ತು ಹೋಗುತ್ತದೆ. ಮನೆಯಲ್ಲೇ ಒಂದು ಹಾಳೆಯಲ್ಲಿ ಇವಿಷ್ಟನ್ನು ಬರೆದಿಡಿ.

1. ಕೊನೆಯ ಮುಟ್ಟು ಯಾವಾಗ? ಪೂರ್ತಿ 12 ತಿಂಗಳು ಆಗದಿದ್ದರೆ ಅದನ್ನು ಮುಟ್ಟು ನಿಂತಿತು ಎನ್ನುವುದಿಲ್ಲ.

2. ಬಿಸಿ ದಿನಕ್ಕೆ ಎಷ್ಟು ಸಲ, ರಾತ್ರಿ ಎಷ್ಟು ಸಲ ಎಚ್ಚರ? ಎರಡು ವಾರ ಕ್ಯಾಲೆಂಡರಿನಲ್ಲಿ ಗೀಟು ಹಾಕಿ. "ತುಂಬಾ ಆಗುತ್ತೆ" ಎನ್ನುವುದಕ್ಕಿಂತ "ರಾತ್ರಿ ನಾಲ್ಕು ಸಲ" ಎನ್ನುವುದು ಡಾಕ್ಟರಿಗೆ ಹೆಚ್ಚು ತಿಳಿಸುತ್ತದೆ. ಔಷಧ ಕೆಲಸ ಮಾಡಿತೇ ಎಂದು ಮುಂದೆ ಹೋಲಿಸಲಿಕ್ಕೂ ಇದೇ ಆಧಾರ.

3. ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಸಮರಿ ಹುಡುಕಿ. ಗರ್ಭಕೋಶ ಮಾತ್ರ ತೆಗೆದಿದ್ದಾರೋ, ಅಂಡಾಶಯವನ್ನೂ ತೆಗೆದಿದ್ದಾರೋ ಎಂದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಚಿಕ್ಕ ಪ್ರಾಯದವರ ಗರ್ಭಕೋಶ ತೆಗೆದ ಪ್ರಕರಣಗಳು 2015ರ ಸುಮಾರಿಗೆ ಸುದ್ದಿಯಾದದ್ದು ನೆನಪಿರಬಹುದು. 35ಕ್ಕೇ ಎರಡೂ ಅಂಡಾಶಯ ಕಳೆದುಕೊಂಡವರ ಲೆಕ್ಕ 50ರಲ್ಲಿ ಮುಟ್ಟು ನಿಂತವರ ಲೆಕ್ಕವಲ್ಲ. ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನ ತನಕವಾದರೂ ಅವರಿಗೆ ಹಾರ್ಮೋನ್ ಕೊಡುವುದೇ ವಾಡಿಕೆ. ದೇಹದಲ್ಲಿ ಇರಬೇಕಾಗಿದ್ದನ್ನು ಹಿಂತಿರುಗಿಸುವ ಚಿಕಿತ್ಸೆ ಅದು. 40ಕ್ಕೆ ಮೊದಲೇ ತಾನಾಗಿ ಮುಟ್ಟು ನಿಂತವರಿಗೂ ಇದೇ ಮಾತು.

4. ಕಾಲಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತೇ? ಬಸುರಿ, ಬಾಣಂತಿಯಾಗಿದ್ದಾಗ ಒಂದೇ ಕಾಲು ಊದಿತ್ತೇ? ಪದೇಪದೇ ಗರ್ಭಪಾತವಾಗಿತ್ತೇ?

5. ಬಿಪಿ, ಶುಗರ್, ಕೊಲೆಸ್ಟರಾಲ್, ತೂಕ, ಮೈಗ್ರೇನ್, ಲಿವರ್ ಅಥವಾ ಪಿತ್ತಕೋಶದ ತೊಂದರೆ. ತಂಬಾಕು, ಕಡ್ಡಿಪುಡಿ ಅಭ್ಯಾಸವಿದ್ದರೆ ಅದನ್ನೂ ಸಂಕೋಚಪಡದೆ ಬರೆಯಿರಿ.

6. ತಾಯಿ, ಅಕ್ಕತಂಗಿ, ಚಿಕ್ಕಮ್ಮ, ದೊಡ್ಡಮ್ಮ, ಸೋದರತ್ತೆ ಇವರಲ್ಲಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿತ್ತೇ, ಯಾವ ವಯಸ್ಸಿನಲ್ಲಿ? ತಾಯಿಗೆ ಸೊಂಟ ಮುರಿದಿತ್ತೇ?

7. ಈಗ ನುಂಗುತ್ತಿರುವ ಎಲ್ಲ ಔಷಧ: ಥೈರಾಯ್ಡ್ ಮಾತ್ರೆ, ಕಷಾಯ, ಚೂರ್ಣ, ಪ್ರೋಟೀನ್ ಪುಡಿ ಸಮೇತ.

8. ಕೊನೆಯ ಸಾಲು ನಿಮ್ಮದು: ನನಗೆ ಯಾವುದು ಹೆಚ್ಚು ಭಯ, ಯಾವುದನ್ನು ತಡೆದುಕೊಳ್ಳಬಲ್ಲೆ? ನಿದ್ದೆ ಇಲ್ಲದೆ ಕೆಲಸ ಬಿಡುವ ಸ್ಥಿತಿ ಬಂದವರಿಗೂ, ವಾರಕ್ಕೊಮ್ಮೆ ಬಿಸಿ ಬಂದು ಹೋಗುವವರಿಗೂ ತಕ್ಕಡಿ ಒಂದೇ ಥರ ತೂಗುವುದಿಲ್ಲ.

ಡಾಕ್ಟರನ್ನು ಅಳೆಯುವುದು: ಬಾಗಿಲ ಹೊರಗೆ

ಬೋರ್ಡು ಓದುವುದರಿಂದ ಶುರುಮಾಡಿ. ಎಂಬಿಬಿಎಸ್ ನಂತರ ಸ್ತ್ರೀರೋಗ ಮತ್ತು ಪ್ರಸೂತಿಯಲ್ಲಿ ಎಂಡಿ, ಎಂಎಸ್, ಡಿಎನ್‌ಬಿ ಅಥವಾ ಡಿಜಿಒ ಮಾಡಿದವರು ಸ್ತ್ರೀರೋಗ ತಜ್ಞರು. ಎಂಡೊಕ್ರೈನಾಲಜಿಯಲ್ಲಿ ಡಿಎಂ ಮಾಡಿದವರು ಹಾರ್ಮೋನ್ ತಜ್ಞರು. ಮುಟ್ಟು ತೀರಾ ಬೇಗ ನಿಂತವರಿಗೆ, ಥೈರಾಯ್ಡ್‌ನಂಥ ಬೇರೆ ತೊಡಕು ಇರುವವರಿಗೆ ಅವರ ಸಲಹೆಯೂ ಬೇಕಾಗಬಹುದು. ಹೆಸರಿನ ಮುಂದಿನ ಉದ್ದನೆಯ ಬಾಲದಲ್ಲಿ ವಾರಾಂತ್ಯದ ತರಬೇತಿಯ ಸರ್ಟಿಫಿಕೇಟುಗಳೂ ಇರುತ್ತವೆ, ಅವನ್ನು ಪದವಿ ಎಂದುಕೊಳ್ಳಬೇಡಿ.

ನಿಯಮದ ಪ್ರಕಾರ ಡಾಕ್ಟರು ತಮ್ಮ ನೋಂದಣಿ ಸಂಖ್ಯೆಯನ್ನು ಕ್ಲಿನಿಕ್ಕಿನಲ್ಲಿ ಹಾಕಿರಬೇಕು, ಚೀಟಿಯಲ್ಲೂ ರಸೀದಿಯಲ್ಲೂ ಬರೆದಿರಬೇಕು. ಅನುಮಾನವಿದ್ದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದ ವೈದ್ಯರ ಪಟ್ಟಿಯಲ್ಲಿ ಹೆಸರು ಹುಡುಕಬಹುದು, ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲೂ ವಿಚಾರಿಸಬಹುದು. ಇದರಿಂದ ಅವರು ಡಾಕ್ಟರು ಹೌದೋ ಅಲ್ಲವೋ ಎಂಬುದು ತಿಳಿಯುತ್ತದೆ. ನಿಮಗೆ ಸರಿಯಾದ ಡಾಕ್ಟರೇ ಎನ್ನುವುದು ಒಳಗೆ ಹೋದ ಮೇಲಿನ ಮಾತು.

ಬಾಗಿಲ ಒಳಗೆ: ಅವರು ಕೇಳಬೇಕಾದ ಏಳು

1. ಗರ್ಭಕೋಶ, ಅಂಡಾಶಯ ಇವೆಯೇ?
2. ಮುಟ್ಟು ನಿಂತು ಎಷ್ಟು ಕಾಲವಾಯಿತು? ನಿಂತ ಮೇಲೆ ಮತ್ತೆ ರಕ್ತ ಕಂಡಿತ್ತೇ?
3. ಹೆಪ್ಪು, ಲಕ್ವ, ಹೃದಯಾಘಾತ ಆಗಿತ್ತೇ?
4. ಸ್ತನದಲ್ಲಿ ಗಂಟು? ಮನೆತನದಲ್ಲಿ ಕ್ಯಾನ್ಸರ್?
5. ಬಿಪಿ, ಶುಗರ್ ಹೇಗಿದೆ? (ಬಿಪಿಯನ್ನು ಅಲ್ಲೇ ನೋಡಬೇಕು.)
6. ಬೇರೆ ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ?
7. ನಿಮಗೆ ಹೆಚ್ಚು ತೊಂದರೆ ಕೊಡುತ್ತಿರುವುದು ಯಾವುದು?

ಏಳರಲ್ಲಿ ನಿಮ್ಮ ಹಾಳೆ ನೋಡಿಯೇ ಅರ್ಥಮಾಡಿಕೊಂಡದ್ದು ಇರಬಹುದು, ಅದೂ ಸರಿಯೇ. ಗಡಿಯಾರ ನೋಡಿ ಅಳೆಯಬೇಡಿ. ಜಿಲ್ಲಾಸ್ಪತ್ರೆಯ ನೂಕುನುಗ್ಗಲಿನಲ್ಲೂ ಐದು ನಿಮಿಷಕ್ಕೆ ಈ ಏಳನ್ನೂ ಕೇಳಿ ಮುಗಿಸುವವರಿದ್ದಾರೆ. ಎಸಿ ಕೋಣೆಯಲ್ಲಿ ಅರ್ಧ ಗಂಟೆ ಸಿಹಿಯಾಗಿ ಮಾತಾಡಿ ಒಂದನ್ನೂ ಕೇಳದವರೂ ಇದ್ದಾರೆ.

ಇನ್ನು ನೀವು ಕೇಳಬೇಕಾದ್ದು. ಡಾಕ್ಟರನ್ನು ಪರೀಕ್ಷೆ ಮಾಡುವ ದನಿ ಬೇಡ, ಹೀಗೆ ಕೇಳಿದರೆ ಯಾರಿಗೂ ಬೇಸರವಾಗದು:

"ಡಾಕ್ಟ್ರೇ, ನನ್ನಂಥವರು ಹತ್ತು ಸಾವಿರ ಜನ ಇದನ್ನ ತಗೊಂಡ್ರೆ ಎಷ್ಟು ಜನಕ್ಕೆ ತೊಂದ್ರೆ ಆಗ್ಬಹುದು? ತಗೊಳ್ದೇ ಇದ್ರೆ?"

"ನನಗೆ ಮಾತ್ರೆ ಯಾಕೆ, ಜೆಲ್ ಯಾಕಲ್ಲ?"

"ಹಾರ್ಮೋನ್ ಅಲ್ಲದೆ ಬೇರೆ ಏನಿದೆ?"

"ಯಾವಾಗ ಮತ್ತೆ ಬರಲಿ? ಏನಾದ್ರೆ ತಕ್ಷಣ ಬರಬೇಕು?"

ಉತ್ತರದಲ್ಲಿ ಅಂಕಿ ಬಾಯಿಪಾಠ ಬರಬೇಕೆಂದೇನಿಲ್ಲ. "ನೋಡಿ ಹೇಳ್ತೀನಿ", "ಇದಕ್ಕೆ ಹೃದ್ರೋಗ ತಜ್ಞರನ್ನ ಒಂದು ಮಾತು ಕೇಳೋಣ" ಎನ್ನುವವರನ್ನು ಬಿಡಬೇಡಿ. ತಮ್ಮ ತಿಳಿವಳಿಕೆಯ ಗಡಿ ಬಲ್ಲವರು ಅವರು.

ಎಚ್ಚರ: ಇಂಥ ಕಡೆ ಎದ್ದು ಬನ್ನಿ

- "ಇದರಲ್ಲಿ ಒಂದು ಚೂರೂ ಅಪಾಯ ಇಲ್ಲ" ಅಥವಾ "ತಗೊಂಡರೆ ಕ್ಯಾನ್ಸರ್ ಗ್ಯಾರಂಟಿ" ಎನ್ನುವವರು.
- ಸಾವಿರಾರು ರೂಪಾಯಿಯ ಹಾರ್ಮೋನ್ ಪ್ಯಾಕೇಜ್ ಮಾಡಿಸಿದ ಮೇಲೇ ಮಾತಾಡುವವರು. 45 ದಾಟಿದವರಲ್ಲಿ ಲಕ್ಷಣ ಸ್ಪಷ್ಟವಾಗಿದ್ದರೆ ಮುಟ್ಟು ನಿಲ್ಲುತ್ತಿದೆ ಎಂದು ತಿಳಿಯಲು ಸಾಮಾನ್ಯವಾಗಿ ರಕ್ತಪರೀಕ್ಷೆ ಬೇಕಿಲ್ಲ. ಆ ಪರೀಕ್ಷೆಯಲ್ಲಿ ಅಳೆಯುವ ಎಫ್‌ಎಸ್‌ಎಚ್ ಎಂಬ ಹಾರ್ಮೋನ್ ಈ ಕಾಲದಲ್ಲಿ ವಾರದಿಂದ ವಾರಕ್ಕೆ ಏರಿಳಿಯುತ್ತದೆ. ಥೈರಾಯ್ಡ್, ರಕ್ತಹೀನತೆಯ ಪರೀಕ್ಷೆ ಮಾಡಿಸಿದರೆ ಅದಕ್ಕೆ ಅರ್ಥವಿದೆ.
- ಚರ್ಮದ ಕೆಳಗೆ ಹೂಳುವ ಗುಳಿಗೆ, ತಮ್ಮಲ್ಲೇ ಬೆರೆಸಿದ "ನೈಸರ್ಗಿಕ" ಹಾರ್ಮೋನ್ ಮಾರುವವರು. ಪ್ರಮಾಣ ಎಷ್ಟೆಂದು ಖಾತ್ರಿಯಿಲ್ಲ. ಹೂತದ್ದನ್ನು ಬೇಡವೆಂದಾಗ ಸುಲಭವಾಗಿ ತೆಗೆಯಲೂ ಆಗದು.
- ನಿಮ್ಮ ದಾಖಲೆ ಕೊಡಲು ಸತಾಯಿಸುವವರು. ಆಸ್ಪತ್ರೆಯಲ್ಲಿದ್ದಾಗಿನ ದಾಖಲೆಯನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮ 2002ರಿಂದಲೇ ಇದೆ.

ಡಾಕ್ಟರು ಯಾರೇ ಆಗಿರಲಿ, ಸ್ತನ ಅಥವಾ ಗರ್ಭಕೋಶದ ಕ್ಯಾನ್ಸರ್ ಆದವರು, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರು, ಹೆಪ್ಪು, ಲಕ್ವ, ಹೃದಯಾಘಾತ ಆದವರು, ಲಿವರ್ ಕಾಯಿಲೆ ಜೋರಾಗಿರುವವರು ಹಾರ್ಮೋನ್ ಮಾತ್ರೆಯ ಹತ್ತಿರ ಸುಳಿಯುವ ಮುನ್ನ ತಜ್ಞರ ಬಳಿ ಕೂತು ಮಾತಾಡಲೇಬೇಕು. ಇವರಿಗೆ ಬೇರೆ ದಾರಿಗಳಿವೆ: ಕಡಿಮೆ ಪ್ರಮಾಣದ ವೆನ್ಲಾಫ್ಯಾಕ್ಸಿನ್, ಪ್ಯಾರಾಕ್ಸೆಟಿನ್, ಗ್ಯಾಬಾಪೆಂಟಿನ್ ಬಿಸಿಯನ್ನು ಸಾಕಷ್ಟು ತಗ್ಗಿಸುತ್ತವೆ. ಇಲ್ಲೂ ಒಂದು ಜಾಣ ಪ್ರಶ್ನೆ ಇದೆ. ಸ್ತನ ಕ್ಯಾನ್ಸರಿಗೆ ಟಾಮಾಕ್ಸಿಫೆನ್ ನುಂಗುತ್ತಿರುವವರಿಗೆ ಪ್ಯಾರಾಕ್ಸೆಟಿನ್ ಕೊಟ್ಟರೆ ಟಾಮಾಕ್ಸಿಫೆನ್‌ನ ಕೆಲಸ ಕುಂದಬಹುದು. ಅದನ್ನು ಕೇಳಿ ಬರೆಯುವವರೇ ಬಲ್ಲವರು.

ಶುರುಮಾಡಿದ ಮೇಲೆ

ಸುಮಾರು ಮೂರು ತಿಂಗಳಿಗೆ ಮತ್ತೆ ತೋರಿಸಿ, ಆಮೇಲೆ ವರ್ಷಕ್ಕೊಮ್ಮೆ. ಬಿಪಿ, ಸ್ತನ ಪರೀಕ್ಷೆ, ವಯಸ್ಸಿಗೆ ತಕ್ಕಂತೆ ಮ್ಯಾಮೊಗ್ರಾಂ ತಪ್ಪಬಾರದು. ಮೊದಲ ಕೆಲವು ತಿಂಗಳು ಅಷ್ಟಿಷ್ಟು ರಕ್ತ ಕಾಣುವುದುಂಟು. ಆರು ತಿಂಗಳಾದರೂ ನಿಲ್ಲದಿದ್ದರೆ, ಅಥವಾ ನಿಂತದ್ದು ಮತ್ತೆ ಕಂಡರೆ ಸ್ಕ್ಯಾನಿಂಗ್ ಮಾಡಿಸಿ ಒಳಪದರ ನೋಡಲೇಬೇಕು. ಪ್ರತಿ ವರ್ಷ ಅದೇ ಪ್ರಶ್ನೆ ಮತ್ತೆ ಕೇಳಿಕೊಳ್ಳಿ: ಇನ್ನೂ ಬೇಕೇ? ಎರಡೂ ಹಾರ್ಮೋನ್ ಸೇರಿದ ಚಿಕಿತ್ಸೆಯಲ್ಲಿ ಸ್ತನ ಕ್ಯಾನ್ಸರಿನ ಅಪಾಯ ಬಳಸಿದ ವರ್ಷಗಳ ಜೊತೆ ಬೆಳೆಯುತ್ತದೆ. ಹೆಪ್ಪಿನ ಅಪಾಯ ಹಾಗಲ್ಲ, ಮಾತ್ರೆ ಶುರುಮಾಡಿದ ಮೊದಲ ವರ್ಷದಲ್ಲೇ ಅದು ಹೆಚ್ಚು.

ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಎಂದು ಕಾಯದೆ ಹತ್ತಿರದ ದೊಡ್ಡಾಸ್ಪತ್ರೆಗೆ ಹೋಗಿ. 108ಕ್ಕೆ ಫೋನ್ ಮಾಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ನಾದಿನಿಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಅದೇ ಮಾತ್ರೆ ತರುವುದು. ಅವಳಿಗೆ ಗರ್ಭಕೋಶ ತೆಗೆದಿರಬಹುದು, ನಿಮಗೆ ತೆಗೆದಿಲ್ಲ.

2. "ಹಬ್ಬಕ್ಕೆ, ಪೂಜೆಗೆ ಮುಟ್ಟು ಮುಂದೂಡುವ ಮಾತ್ರೆ ಎಷ್ಟೋ ಸಲ ನುಂಗಿದ್ದೇನೆ, ಏನೂ ಆಗಿಲ್ಲ" ಎಂಬ ಧೈರ್ಯ. ಅದು ನೊರೆಥಿಸ್ಟೆರಾನ್, ಅದೂ ಹಾರ್ಮೋನೇ. ನುಂಗಿದಾಗ ಕಾಲು ಊದಿತ್ತೇ, ತಲೆನೋವು ಬಂತೇ ಎಂಬುದನ್ನು ಡಾಕ್ಟರಿಗೆ ಹೇಳಿ.

3. ಎರಡರಲ್ಲಿ ಒಂದು ಔಷಧ ಬಿಡುವುದು. ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ತಲೆ ಭಾರ ಮಾಡುತ್ತದೆಂದು ಅದನ್ನು ಬಿಟ್ಟು ಈಸ್ಟ್ರೋಜನ್ ಮಾತ್ರ ಮುಂದುವರಿಸುವವರಿದ್ದಾರೆ. ಅದು ನಿದ್ದೆ ಬರಿಸುವುದರಿಂದಲೇ ರಾತ್ರಿ ಮಲಗುವಾಗ ತೆಗೆದುಕೊಳ್ಳಲು ಹೇಳುವುದು.

4. ರಾತ್ರಿ ಬೆವರೆಲ್ಲ ಮುಟ್ಟು ನಿಲ್ಲುವುದರಿಂದಲೇ ಎಂದುಕೊಳ್ಳುವುದು. ಜೊತೆಗೆ ಸಂಜೆ ಜ್ವರ, ಕೆಮ್ಮು, ತೂಕ ಇಳಿಯುವುದು ಇದ್ದರೆ ಮೊದಲು ಕ್ಷಯದ ಪರೀಕ್ಷೆ ಆಗಲಿ.

5. ಇನ್ನು ಬಸಿರಿನ ಭಯವಿಲ್ಲ ಎಂದುಕೊಳ್ಳುವುದು. ಈ ಔಷಧ ಗರ್ಭ ತಡೆಯುವುದಿಲ್ಲ. 50ರ ಒಳಗೆ ಮುಟ್ಟು ನಿಂತವರು ಎರಡು ವರ್ಷ, 50ರ ಮೇಲಿನವರು ಒಂದು ವರ್ಷ ಎಚ್ಚರ ವಹಿಸಬೇಕು.

6. ಹೃದಯ ಚೆನ್ನಾಗಿರಲಿ, ಚರ್ಮ ಹೊಳೆಯಲಿ ಎಂದು ತೆಗೆದುಕೊಳ್ಳುವುದು. ಲಕ್ಷಣವಿದ್ದವರ ಔಷಧ ಇದು, ಟಾನಿಕ್ ಅಲ್ಲ.

ಮೂರನೆಯ ಡಾಕ್ಟರು

ಮೂರನೆಯ ಸಲ ಅಕ್ಕನ ಜೊತೆ ನಾನೂ ಹೋದೆ. ಆ ಡಾಕ್ಟರಮ್ಮ ಅಕ್ಕನ ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರು. ಬಿಪಿ ನೋಡಿದರು. ಅಮ್ಮನಿಗೆ ಎಪ್ಪತ್ತರಲ್ಲಿ ಸೊಂಟ ಮುರಿದದ್ದರ ಕೆಳಗೆ ಗೀಟು ಎಳೆದರು. ಮ್ಯಾಮೊಗ್ರಾಂ ಬಂದ ಮೇಲೆ ಜೆಲ್, ರಾತ್ರಿಗೆ ಪ್ರೊಜೆಸ್ಟರಾನ್ ಕ್ಯಾಪ್ಸೂಲ್, ಮೂರು ತಿಂಗಳಿಗೆ ವಾಪಸ್ ಎಂದು ಬರೆದರು. ಅಕ್ಕ ತನ್ನ ಹತ್ತು ಸಾವಿರದ ಲೆಕ್ಕ ತೆಗೆದಾಗ ನಕ್ಕು, "ಇದು ಅರವತ್ತು ದಾಟಿದವರ ಲೆಕ್ಕ ಮೇಡಂ, ನಿಮ್ಮದು ಇದಕ್ಕಿಂತ ಕಡಿಮೆ. ಸೊನ್ನೆ ಮಾತ್ರ ಅಲ್ಲ" ಎಂದರು.

ಏಳುವಾಗ ನಾನು, "ನನಗೂ ಶುರುವಾಗಿದೆ, ನನಗೂ ಇದೇ ಬರೆದುಬಿಡಿ" ಎಂದೆ. ನನಗೆ 46. ಡಾಕ್ಟರಮ್ಮ ಪೆನ್ನು ಎತ್ತಿದವರು ತಡೆದು ಕೇಳಿದರು: "ಬಾಣಂತನದಲ್ಲಿ ಕಾಲು ಊದಿತ್ತಾ?"

ಊದಿತ್ತು. ಎರಡನೆಯ ಹೆರಿಗೆ, ಎಡಗಾಲು. ಬಾಣಂತಿ ನಂಜು ಎಂದು ಅಮ್ಮ ಹರಳೆಣ್ಣೆ ಹಚ್ಚಿ ಶಾಖ ಕೊಟ್ಟಿದ್ದಳು. ಮೂರನೆಯ ದಿನ ಆಸ್ಪತ್ರೆಗೆ ಹೋದರೆ ಸ್ಕ್ಯಾನಿಂಗ್‌ನಲ್ಲಿ ಹೆಪ್ಪು ಕಂಡು, ಹೊಟ್ಟೆಗೆ ದಿನಾ ಇಂಜೆಕ್ಷನ್ ಚುಚ್ಚಿದ್ದರು. ಹದಿನೆಂಟು ವರ್ಷದಲ್ಲಿ ಅದು ನನಗೆ ಅಮ್ಮನ ಹರಳೆಣ್ಣೆಯ ಕತೆಯಾಗಿ ಉಳಿದಿತ್ತು. ನನ್ನ ಕಾಯಿಲೆಯ ಚರಿತ್ರೆ ಎಂದು ನಾನೇ ಮರೆತಿದ್ದೆ.

ಡಾಕ್ಟರಮ್ಮ ಹಾಳೆ ಬದಲಾಯಿಸಿದರು. ನನಗೆ ಬರೆದದ್ದು ಹಾರ್ಮೋನ್ ಅಲ್ಲದ ಔಷಧ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಂದೇ ಮೇಜಿನ ಮುಂದೆ ಕೂತವರು, ಎರಡು ಬೇರೆ ಚೀಟಿ ಹಿಡಿದು ಕೆಳಗಿನ ಔಷಧದ ಅಂಗಡಿಯ ಸಾಲಿನಲ್ಲಿ ನಿಂತೆವು.